ಕುಡಿದ ಮೇಲೆ ಗಾಡಿ ಕೀ ಯಾರ ಕೈಲಿರಬೇಕು?

ಅಗಳಿ ಕಡೆಯ ಅಣ್ಣಂದಿರೇ, ಅಕ್ಕಂದಿರೇ,

ಈಗ ನಮ್ಮ ಕಡೆ ಎಲ್ಲಿಗೆ ಹೊರಟರೂ ಬೈಕೇ. ಮಡಕಶಿರಾಕ್ಕೆ ಬೈಕು. ಶಿರಾಕ್ಕೆ ಬೈಕು. ಹಿಂದೂಪುರಕ್ಕೆ ಹುಣಸೆಹಣ್ಣಿನ ದುಡ್ಡು ತರೋಕೂ ಬೈಕು. ಮದುವೆ, ಜಾತ್ರೆ ಅಂದರೆ ಕುಡಿತವೂ ಇರುತ್ತದೆ. ವಾಪಸ್ ಹೊರಡುವಾಗ ಕತ್ತಲಾಗಿರುತ್ತದೆ.

"ಎರಡೇ ಗುಟುಕು ಕಣಣ್ಣ, ನಂಗೇನೂ ಆಗಿಲ್ಲ." ಈ ಮಾತನ್ನು ನೀವು ಕೇಳಿದ್ದೀರಿ. ಕೆಲವರು ಹೇಳಿಯೂ ಇದ್ದೀರಿ. ಇದು ಯಾಕೆ ತಪ್ಪು? ನೋಡೋಣ.

ಕುಡಿದದ್ದು ಹೊಟ್ಟೆಯಿಂದ, ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ರಕ್ತದ ಜೊತೆ ಮೆದುಳಿಗೆ ಹೋಗುತ್ತದೆ. ಕಾಲು ತಡವರಿಸುವುದು ಆಮೇಲೆ. ಅದಕ್ಕೂ ಮುಂಚೆ ಬುದ್ಧಿ ಮಂಕಾಗುತ್ತದೆ. 'ನಾನು ಸರಿಯಾಗಿದ್ದೀನಾ?' ಅಂತ ಅಳೆಯಬೇಕಾದದ್ದೇ ಆ ಬುದ್ಧಿ. ಅದೇ ಮಂಕಾದರೆ ಅಳೆಯೋದು ಯಾರು? ಅದಕ್ಕೇ ಕುಡಿದವನಿಗೆ ಧೈರ್ಯ ಜಾಸ್ತಿ.

ಈಗ ಒಂದು ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೈಕು ಹೋಗುತ್ತಿದೆ. ಒಂದು ಸೆಕೆಂಡಿಗೆ ಅದು ಸುಮಾರು 36 ಅಡಿ ಹೋಗುತ್ತದೆ. ಎದುರಿಗೆ ಎಮ್ಮೆ ಬಂತು. ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾಯಿತು. ಅಷ್ಟರಲ್ಲಿ ಗಾಡಿ 18 ಅಡಿ ಮುಂದೆ ಹೋಗಿರುತ್ತದೆ. 

2025ರ ಅಕ್ಟೋಬರ್ 24ರ ವಿಷಯ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೈದರಾಬಾದಿನಿಂದ ಬೆಂಗಳೂರಿಗೆ ಒಂದು ಖಾಸಗಿ ಬಸ್ಸು ಬರುತ್ತಿತ್ತು. ಜನ ಮಲಗಿದ್ದರು. ಕರ್ನೂಲಿನ ಹತ್ತಿರ ಚಿನ್ನಟೇಕೂರಿನಲ್ಲಿ ಒಂದು ಬೈಕು ಜಾರಿ ರಸ್ತೆಗೆ ಬಿದ್ದಿತ್ತು. ಓಡಿಸಿದವನು ಅಲ್ಲೇ ಸತ್ತಿದ್ದ. ಅವನು ಕುಡಿದಿದ್ದ ಎಂದು ಆಮೇಲಿನ ಪರೀಕ್ಷೆಯಲ್ಲಿ ಗೊತ್ತಾಯಿತು. ಬಿದ್ದ ಬೈಕಿನ ಮೇಲೆ ಬಸ್ಸು ಹೋಯಿತು. ಬೆಂಕಿ ಹತ್ತಿತು. ಬಸ್ಸಿನಲ್ಲಿದ್ದ 19 ಜನ ಸುಟ್ಟು ಸತ್ತರು. ಬಸ್ಸಿನ ಕಡೆಯ ತಪ್ಪುಗಳ ಮಾತು ಬೇರೆ, ಅದೂ ಇದೆ. ಆದರೆ ಮಲಗಿದ್ದ ಆ ಜನ ಏನು ತಪ್ಪು ಮಾಡಿದ್ದರು?

ನಮ್ಮ ಕೇಂದ್ರದಲ್ಲಿ ಒಬ್ಬ ತಾತ ಕೇಳಿದರು: "ಮಜ್ಜಿಗೆ ಕುಡಿದ್ರೆ ಇಳಿಯಲ್ವಾ?" ಇಳಿಯಲ್ಲ ತಾತ. ನಿಂಬೆಹಣ್ಣು, ಕಾಫಿ, ತಲೆ ಮೇಲೆ ತಣ್ಣೀರು, ಯಾವುದರಿಂದಲೂ ಇಳಿಯಲ್ಲ. ರಕ್ತದಿಂದ ಅದನ್ನು ತೆಗೆಯುವ ಕೆಲಸ ಹೆಚ್ಚಾಗಿ ಪಿತ್ತಜನಕಾಂಗದ್ದು. ಅದು ತನ್ನದೇ ನಿಧಾನದಲ್ಲಿ ಮಾಡುತ್ತದೆ. ಅವಸರ ಮಾಡಿಸೋಕೆ ಆಗಲ್ಲ. ರಾತ್ರಿ ತಡವಾಗಿ ಚೆನ್ನಾಗಿ ಕುಡಿದು, ಬೆಳಗಿನ ಜಾವ ಟ್ರ್ಯಾಕ್ಟರ್ ಹತ್ತಿದರೆ ಆಗಲೂ ಅದು ಮೈಯಲ್ಲಿ ಇರಬಹುದು. ಹಿಂದೆ ಟ್ರೈಲರ್‌ನಲ್ಲಿ ಕೂಲಿ ಹೆಂಗಸರು ಕೂತಿರುತ್ತಾರೆ.

ಗಾಂಜಾ ಸೇದಿದರೂ ಇದೇ ಕತೆ. ಕೆಲವು ಮಾತ್ರೆಗಳೂ ಹಾಗೇ. ನೆಗಡಿ ಮಾತ್ರೆ, ಕೆಮ್ಮಿನ ಔಷಧಿ, ನಿದ್ದೆ ಮಾತ್ರೆ ಕೊಡುವಾಗ "ಗಾಡಿ ಓಡಿಸಬಹುದಾ?" ಅಂತ ಡಾಕ್ಟರನ್ನು ಕೇಳಿ. ಕೇಳೋಕೆ ನಾಚಿಕೆ ಬೇಡ.

ಇನ್ನು ಕಾನೂನು. ಗಡಿ ದಾಟಿದರೆ ಪೊಲೀಸರ ಭಾಷೆ ಬದಲಾಗುತ್ತದೆ, ಈ ಕಾನೂನು ಬದಲಾಗಲ್ಲ. 1988ರ ಮೋಟಾರು ವಾಹನ ಕಾಯ್ದೆ ಆಂಧ್ರಕ್ಕೂ ಕರ್ನಾಟಕಕ್ಕೂ ಒಂದೇ. ಪೊಲೀಸರು ಊದುವ ಮಿಷನ್ ಹಿಡಿಯುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಅಪರಾಧ. ಎಷ್ಟು ಕುಡಿದರೆ ಅಷ್ಟಾಗುತ್ತದೆ? ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಮೈತೂಕ, ಊಟ ಮಾಡಿದ್ದು, ಮಾಡದೇ ಇದ್ದದ್ದು, ಎಲ್ಲ ಸೇರುತ್ತದೆ. ಮೊದಲ ಸಲ ಸಿಕ್ಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೊದಲು ದಂಡ 2,000 ರೂಪಾಯಿವರೆಗೆ ಇತ್ತು. 2019ರಲ್ಲಿ ಹೆಚ್ಚಿಸಿದರು. ಕುಡಿದವನಿಗೆ ಓಡಿಸು ಅಂತ ಕುಮ್ಮಕ್ಕು ಕೊಟ್ಟವರಿಗೂ ಶಿಕ್ಷೆ ಆಗಬಹುದು.

ಒಬ್ಬ ಅಕ್ಕ ಹೇಳಿದ್ದು ನನಗೆ ಮರೆಯಲ್ಲ. "ಮೇಷ್ಟ್ರೇ, ಕೀ ಕಿತ್ಕೊಂಡ್ರೆ ನಮ್ಮೋನು ಹೊಡೀತಾನೆ. ಕಿತ್ಕೊಳ್ದೇ ಇದ್ರೆ ಎಲ್ಲೋ ಬಿದ್ದು ಸಾಯ್ತಾನೆ. ಏನ್ ಮಾಡ್ಲಿ?" ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಅಕ್ಕ ಹೇಳಿದರು: "ಕುಡಿದ್ಮೇಲೆ ಕೇಳ್ಬೇಡ. ಹೊರಡೋವಾಗ್ಲೇ ಮಾತಾಡ್ಕೋ." ಇದು ಸರಿಯಾದ ಮಾತು. ಮದುವೆಗೆ ಹೊರಡುವ ಮೊದಲೇ, ಕುಡಿಯದ ಭಾವನೋ ತಮ್ಮನೋ ಕೀ ಇಟ್ಟುಕೊಳ್ಳಲಿ. ಹೆಂಗಸೊಬ್ಬಳೇ ತಡೆಯಬೇಕು ಅಂತ ಬಿಡಬೇಡಿ, ಅದು ಅವಳೊಬ್ಬಳ ಕೆಲಸ ಅಲ್ಲ. ಆಟೋ ಸಿಕ್ಕರೆ ಆಟೋದಲ್ಲಿ ಬನ್ನಿ. ಸಿಗದಿದ್ದರೆ ನೆಂಟರ ಮನೆ ಜಗಲಿಯಲ್ಲಿ ಮಲಗಿ. ಒಂದು ರಾತ್ರಿಗೆ ಯಾರ ಮರ್ಯಾದೆಯೂ ಹೋಗಲ್ಲ.

ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿ. ಈ ನಂಬರು ಆಂಧ್ರದಲ್ಲೂ ಕರ್ನಾಟಕದಲ್ಲೂ ಇದೆ, ದುಡ್ಡು ಕೇಳಲ್ಲ. ಯಾವ ಊರಿನ ಹತ್ತಿರ, ಯಾವ ಕಡೆಗೆ ಹೋಗುವ ರಸ್ತೆ, ಎಷ್ಟನೇ ಕಿಲೋಮೀಟರ್ ಕಲ್ಲು ಅಂತ ಹೇಳಿ. ಕಲ್ಲಿನ ಮೇಲಿರುವುದನ್ನು ಓದೋಕೆ ನಿಮಗೀಗ ಬರುತ್ತದೆ! ಪೊಲೀಸ್ ಕೇಸಿಗೆ ಹೆದರಿ ಬಿಟ್ಟು ಬರಬೇಡಿ. ಸಹಾಯ ಮಾಡಿದವರು ಹೆಸರು, ವಿಳಾಸ ಕೊಡಲೇಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಅವರಿಗೆ ಕಾನೂನಿನ ರಕ್ಷಣೆ ಕೊಟ್ಟಿದ್ದಾರೆ.