ಕಿತ್ತಳೆ ಸಿಪ್ಪೆಗಿಲ್ಲದ್ದು ಓಂಕಾಳಿಗಿದೆ

ಚಳಿಗಾಲ ಬಂತೆಂದರೆ ನಾಗಪುರದಲ್ಲಿ ಸಂತ್ರಾ, ಅಂದರೆ ಕಿತ್ತಳೆಯ ಸುಗ್ಗಿ. ಅಲ್ಲಿನ ಮನೀಶ್ ನಗರದ ಮನೆಗಳಲ್ಲಿ ಹಣ್ಣು ತಿಂದಮೇಲೆ ಸಿಪ್ಪೆ ಕಸದ ಬುಟ್ಟಿ ಸೇರುತ್ತದೆ. ಆ ಸಿಪ್ಪೆಯನ್ನು ಮಡಚಿ, ಉರಿಯುವ ದೀಪದ ಹತ್ತಿರ ಹಿಂಡಿ ನೋಡಿ: ಚಟಪಟನೆ ಕಿಡಿ ಹಾರುತ್ತದೆ. ಹೊತ್ತಿಕೊಳ್ಳುವುದು ಸಿಪ್ಪೆಯ ಹೊರಪದರದ ಪುಟ್ಟ ಚೀಲಗಳಲ್ಲಿ ತುಂಬಿದ ಸುಗಂಧತೈಲ. ಅದರ ಬಹುಪಾಲು ಲಿಮೋನೀನ್ ಎಂಬ ಒಂದೇ ರಾಸಾಯನಿಕ. ನಮ್ಮ ಕೊಡಗಿನ ಕಿತ್ತಳೆಯದೂ ಇದೇ ಕಥೆ.

ಇಷ್ಟು ಘಮಘಮಿಸುವ ಎಣ್ಣೆ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ಕೊಲ್ಲಬೇಕು ಎಂದು ಅನ್ನಿಸುವುದು ಸಹಜ. ಆದರೆ ಈ ಕೆಲಸದಲ್ಲಿ ಲಿಮೋನೀನ್ ದುರ್ಬಲ. ನಿಜವಾದ ಪ್ರಬಲ ವಸ್ತು ಇರುವುದು ಅಡುಗೆಮನೆಯ ಓಂಕಾಳಿನಲ್ಲಿ. ಅಂಗೈಯಲ್ಲಿ ಉಜ್ಜಿದಾಗ ಮೂಗಿಗೆ ಹೊಡೆಯುವ ಆ ಘಾಟು ಥೈಮಾಲ್‌ನದು. ಶುದ್ಧ ರೂಪದಲ್ಲಿ ಇದು ಬಿಳಿ ಹರಳು, ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ.

ಲಿಮೋನೀನ್, ಥೈಮಾಲ್ ಎರಡರ ಅಣುವಿನಲ್ಲೂ ಇಂಗಾಲದ ಪರಮಾಣುಗಳು ಹತ್ತೇ. ಥೈಮಾಲ್‌ನಲ್ಲಿ ಮಾತ್ರ ಉಂಗುರಕ್ಕೆ ಅಂಟಿಕೊಂಡ ಒಂದು ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕ) ಗುಂಪು ಇದೆ. ಬ್ಯಾಕ್ಟೀರಿಯಾದ ಕೋಶಪೊರೆ ಕೊಬ್ಬಿನಂಥದ್ದು, ಎಣ್ಣೆಯ ಅಣುಗಳು ಸಲೀಸಾಗಿ ಒಳನುಗ್ಗುತ್ತವೆ. ಥೈಮಾಲ್ ಹೊಕ್ಕಾಗ ಪೊರೆ ಸಡಿಲವಾಗಿ ಒಳಗಿನ ಪೊಟ್ಯಾಸಿಯಂ ಸೋರತೊಡಗುತ್ತದೆ, ಕೋಶ ಶಕ್ತಿ ಉತ್ಪಾದಿಸಲಾಗದೆ ಸಾಯುತ್ತದೆ.

ಹೈಡ್ರಾಕ್ಸಿಲ್‌ನ ಪಾತ್ರವನ್ನು ನೆದರ್ಲೆಂಡ್ಸ್‌ನ ಸಂಶೋಧಕರು 2002ರಲ್ಲಿ ತೋರಿಸಿದರು. ಅವರು ಆರಿಸಿಕೊಂಡದ್ದು ಥೈಮಾಲ್‌ನ ಒಡಹುಟ್ಟಿನಂಥ, ಹೈಡ್ರಾಕ್ಸಿಲ್ ಇರುವ ಕಾರ್ವಕ್ರಾಲ್. ಎದುರಾಳಿ, ಅನ್ನ ಕೆಡಿಸುವ ಬ್ಯಾಸಿಲಸ್ ಸೀರಿಯಸ್. ಕಾರ್ವಕ್ರಾಲ್ ಅದನ್ನು ಕೊಂದಿತು; ಅದನ್ನೇ ಹೋಲುವ, ಆದರೆ ಹೈಡ್ರಾಕ್ಸಿಲ್ ಇಲ್ಲದ ಸೈಮೀನ್ ಕೋಶಪೊರೆಯನ್ನು ಉಬ್ಬಿಸಿತೇ ಹೊರತು ಕೊಲ್ಲಲಿಲ್ಲ. ನನಗೆ ಈ ಸಂಗತಿಯಲ್ಲಿ ಬಹಳ ಆಸಕ್ತಿ, ಏಕೆಂದರೆ ಓಂಕಾಳಿನ ಎಣ್ಣೆಯಲ್ಲಿ ಸೈಮೀನ್ ಕೂಡ ಇದೆ. ಪೊರೆಯನ್ನು ಉಬ್ಬಿಸುವ ಸೈಮೀನ್ ಬಲಶಾಲಿ ಅಣುವಿಗೆ ದಾರಿ ಮಾಡಿಕೊಡಬಲ್ಲದು. ಸಸ್ಯ ಕೂಡಿಸಿಟ್ಟ ಮಿಶ್ರಣದಲ್ಲಿ ದುರ್ಬಲವಾದುದಕ್ಕೂ ಕೆಲಸವಿದೆ.

ಇ. ಕೊಲೈನಂಥ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆಯಿರುವುದರಿಂದ ಅವು ಹೆಚ್ಚಿನ ಎಣ್ಣೆಗಳನ್ನು ತಡೆದುಕೊಳ್ಳುತ್ತವೆ. ಥೈಮಾಲ್ ಆ ಹೊರಪೊರೆಯನ್ನೂ ಕೆಡಿಸಬಲ್ಲದು.

ಆದರೂ ಪ್ರಯೋಗಾಲಯದ ತಟ್ಟೆಯೇ ಬೇರೆ, ಮನೆಯ ಊಟದ ತಟ್ಟೆಯೇ ಬೇರೆ. ಆಹಾರದ ಕೊಬ್ಬು ಎಣ್ಣೆಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಬ್ಯಾಕ್ಟೀರಿಯಾಕ್ಕೆ ತಲುಪುವ ಪಾಲು ತಗ್ಗುತ್ತದೆ. ಸೋಂಕಿಗೆ ಸುಗಂಧತೈಲ ಕುಡಿಯುವುದಂತೂ ಅಪಾಯ. ಬೇರೆ ಎಣ್ಣೆ ಬೆರೆಸಿ ತೆಳುಗೊಳಿಸದ ಥೈಮಾಲ್ ಚರ್ಮವನ್ನೇ ಸುಡುತ್ತದೆ. ಮುಚ್ಚಳ ತೆರೆದಿಟ್ಟ ಕಿತ್ತಳೆ ಎಣ್ಣೆಯ ಲಿಮೋನೀನ್ ಗಾಳಿಗೆ ಬದಲಾಗಿ ಅಲರ್ಜಿ ತರಬಹುದು. ಹಾಗಾಗಿ ಬಾಟಲಿ ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲ ಜಾಗದಲ್ಲಿಡಬೇಕು.