ನಿಮಗಿದು ಗೊತ್ತೇ? ನಡುವಿನ ಬೇಲಿ ಯಾರದು!

ರಾತ್ರಿಯ ಗಾಳಿಮಳೆಗೆ ಎರಡು ಮನೆಗಳ ನಡುವಿನ ಬೇಲಿ ಮಲಗಿಬಿಟ್ಟಿತು. ಎತ್ತಿ ಕಟ್ಟಿಸುವವರು ಯಾರು? ನೀವೋ, ಪಕ್ಕದ ಮನೆಯವರೋ? ಈ ಒಂದೇ ಪ್ರಶ್ನೆಗೆ ಲೋಕದಲ್ಲಿ ಎಂಥೆಂಥ ಉತ್ತರಗಳಿವೆ ಗೊತ್ತೇ? ಕೇಳಿ!

ಅಮೆರಿಕದ ಹಳ್ಳಿಗಾಡಿನ ಹಲವೆಡೆ ಬಲಗೈ ಲೆಕ್ಕ ನಡೆಯುತ್ತದೆ. ಬೇಲಿಯ ನಟ್ಟನಡುವೆ ಇಬ್ಬರೂ ತಂತಮ್ಮ ಜಾಗದಲ್ಲಿ ಎದುರುಬದುರು ನಿಲ್ಲಬೇಕು. ನಿಮ್ಮ ಬಲಗೈ ಕಡೆಯ ಅರ್ಧ ನಿಮ್ಮ ಪಾಲು. ಅವರ ಬಲಗೈ ಕಡೆಯ ಅರ್ಧ ಅವರ ಪಾಲು. ಮುಖಾಮುಖಿ ನಿಂತಾಗ ಇಬ್ಬರ ಬಲವೂ ಬೇರೆ ಬೇರೆ ದಿಕ್ಕಿಗೆ ತಾನೇ? ಪಾಲು ಮುಗಿದೇ ಹೋಯಿತು!

ಇಂಗ್ಲೆಂಡಿನಲ್ಲಿ ಬಹಳ ಜನ ನಂಬಿರುವುದು ಎಡಗಡೆಯನ್ನು. ‘ಎಡಗಡೆಯ ಬೇಲಿ ನಮ್ಮದು’ ಅನ್ನುತ್ತಾರೆ. ಆದರೆ ಅಂಥ ಕಾನೂನೇ ಇಲ್ಲ! ಮನೆಪತ್ರದ ನಕ್ಷೆ ಬಿಡಿಸಿ ನೋಡಬೇಕು. ಗಡಿಗೆರೆಯ ಮೇಲೆ ಪುಟ್ಟದೊಂದು ‘ಟಿ’ ಅಕ್ಷರ ಇರಬಹುದು. ಅದು ಯಾರ ಜಾಗದ ಒಳಗಿದೆಯೋ ಬೇಲಿಯ ಹೊಣೆ ಅವರದು. ಗೆರೆಯ ಎರಡೂ ಕಡೆ ‘ಟಿ’ ಇದ್ದರೆ? ಎರಡೂ ಸೇರಿ ‘ಎಚ್’ ಆಗುತ್ತದೆ. ಆಗ ಹೊಣೆ ಇಬ್ಬರಿಗೂ!

ಅಲ್ಲಿಯದೇ ಇನ್ನೊಂದು ಸೋಜಿಗ. ಎರಡು ಹೊಲಗಳ ನಡುವೆ ಗಿಡಬೇಲಿ ಇದೆ, ಪಕ್ಕದಲ್ಲೇ ಅಗಳು ಇದೆ. ಗಡಿ ಎಲ್ಲಿ? ಗಿಡದ ಸಾಲಿನ ಮೇಲೆ ಅಂದಿರಾ? ಅಲ್ಲ! ಬೇರೆ ಪುರಾವೆ ಇಲ್ಲದಿದ್ದರೆ ಅಗಳಿನ ಆಚೆ ಅಂಚೇ ಗಡಿ. ಅಗಳು ತೋಡಿದವನು ತನ್ನ ಜಾಗದ ಕೊನೆಯಲ್ಲಿ ತೋಡಿ, ಮಣ್ಣನ್ನು ತನ್ನ ಕಡೆಗೇ ಎಸೆದು, ಅದರ ಮೇಲೆ ಗಿಡ ನೆಟ್ಟಿರುತ್ತಾನೆ ಎಂಬುದು ಕೋರ್ಟಿನ ಊಹೆ. ಪಕ್ಕದವನ ಹೊಲಕ್ಕೆ ಮಣ್ಣು ಎಸೆಯಲು ಆಗುತ್ತದೆಯೇ, ಹೇಳಿ!

ಫ್ರಾನ್ಸಿನಲ್ಲಿ ಗೋಡೆಯೇ ತನ್ನ ಯಜಮಾನ ಯಾರೆಂದು ಹೇಳುತ್ತದೆ! ಗೋಡೆಯ ನೆತ್ತಿ ಯಾವ ಕಡೆಗೆ ಇಳಿಜಾರಾಗಿದೆ ನೋಡಿ. ಒಂದೇ ಕಡೆಗಾಗಿದ್ದರೆ, ಮಳೆನೀರು ಬೀಳುವ ಕಡೆಯವರೇ ಅದರ ಒಡೆಯರು. ಎಷ್ಟು ಚೆಂದದ ಉಪಾಯ!

ಜಪಾನಿನ ಸಿವಿಲ್ ಸಂಹಿತೆಯಲ್ಲಿ ಬಿದಿರಿದೆ, ನಂಬುತ್ತೀರಾ? ಎರಡು ಮನೆಗಳ ನಡುವೆ ಖಾಲಿ ಜಾಗವಿದ್ದರೆ ಇಬ್ಬರೂ ಅರ್ಧರ್ಧ ಖರ್ಚು ಹಾಕಿ ಬೇಲಿ ಕಟ್ಟಬಹುದು. ಎಂಥ ಬೇಲಿ ಎಂಬುದೇ ಇತ್ಯರ್ಥವಾಗಲಿಲ್ಲವೇ? ಹಲಗೆಯದೋ ಬಿದಿರಿನದೋ ಅಂಥದೇ ಬೇರೆಯದೋ ಆಗಲಿ, ಎತ್ತರ 2 ಮೀಟರ್ ಇರಲಿ ಎಂದು ಕಾನೂನೇ ತೀರ್ಪು ಕೊಟ್ಟುಬಿಟ್ಟಿದೆ. ‘ನನಗೆ ಇನ್ನೂ ಒಳ್ಳೆಯದು ಬೇಕು’ ಅನ್ನುವವರು ಕಟ್ಟಿಸಬಹುದು. ಮೇಲಿನ ಖರ್ಚು ಮಾತ್ರ ಅವರದೇ!

ಪಕ್ಕದ ಮನೆಯ ಮಾವಿನಕಾಯಿ ನಿಮ್ಮ ಅಂಗಳಕ್ಕೆ ಬಿದ್ದರೆ ಕೊಡುತ್ತೀರಾ, ತಿನ್ನುತ್ತೀರಾ? ಜರ್ಮನಿಯಲ್ಲಾದರೆ ಧೈರ್ಯವಾಗಿ ತಿನ್ನಿ. ತಾನಾಗಿ ಉದುರಿದ ಹಣ್ಣು ಬಿದ್ದ ಜಾಗದವರದು. ಮರ ಅಲುಗಾಡಿಸುವಂತಿಲ್ಲ, ಅಷ್ಟೇ! ಮರ ಗಡಿಯ ಮೇಲೇ ನಿಂತಿದ್ದರೆ ಹಣ್ಣು ಇಬ್ಬರಿಗೂ ಸಮಪಾಲು.

ಬೇಲಿ ಜಗಳ ಬಿಡಿಸಲೆಂದೇ ಊರೂರಲ್ಲೂ ಅಧಿಕಾರಿಗಳು ಇದ್ದರೆ ಹೇಗೆ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇದ್ದಾರೆ! ಬೇಲಿ ನೋಡುವುದೇ ಅವರ ಕೆಲಸ. ಹುದ್ದೆ 17ನೇ ಶತಮಾನದ್ದು. ಕಾನೂನಿನಲ್ಲಿ ಬರೆದಿರುವ ಭತ್ಯೆ ದಿನಕ್ಕೆ 5 ಡಾಲರ್!

ಈಗ ಕೇಳಿ, ಹಟದ ಬೇಲಿಯ ಕಥೆ. 1870ರ ದಶಕ, ಸ್ಯಾನ್ ಫ್ರಾನ್ಸಿಸ್ಕೋದ ನಾಬ್ ಹಿಲ್. ರೈಲ್ವೆ ಸಾಹುಕಾರ ಚಾರ್ಲ್ಸ್ ಕ್ರಾಕರ್‌ಗೆ ಸುತ್ತಮುತ್ತಲ ಜಾಗವೆಲ್ಲ ಬೇಕಿತ್ತು. ಒಬ್ಬನು ಮಾತ್ರ ಮನೆ ಮಾರಲಿಲ್ಲ. ಅವನ ಹೆಸರು ನಿಕೊಲಸ್ ಯಂಗ್, ಶವಸಂಸ್ಕಾರ ಮಾಡಿಸುವ ಕಸುಬಿನವನು. ಕ್ರಾಕರ್ ಏನು ಮಾಡಿದ ಗೊತ್ತೇ? ಆ ಪುಟ್ಟ ಮನೆಯ ಮೂರು ಕಡೆ ಸುಮಾರು 40 ಅಡಿ ಎತ್ತರದ ಬೇಲಿ ಎಬ್ಬಿಸಿಬಿಟ್ಟ! ಬಿಸಿಲಿಲ್ಲ, ಗಾಳಿಯಿಲ್ಲ. ಪಾಪ, ಆ ಮನೆಯವರು! ಇಬ್ಬರೂ ತೀರಿಕೊಂಡ ಮೇಲೂ ಬೇಲಿ ನಿಂತೇ ಇತ್ತು. ಇಂದು ಆ ಜಾಗದಲ್ಲಿ ಗ್ರೇಸ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚು ಇದೆ. ಈಗ ಕ್ಯಾಲಿಫೋರ್ನಿಯಾದಲ್ಲಿ ಪಕ್ಕದವರನ್ನು ಪೀಡಿಸಲೆಂದೇ 10 ಅಡಿ ಮೀರಿ ಬೇಲಿ ಎಬ್ಬಿಸಿದರೆ ಕಾನೂನು ಸುಮ್ಮನಿರುವುದಿಲ್ಲ. ಮಾಮೂಲಿ ಬೇಲಿಯ ಖರ್ಚೋ, ಇಬ್ಬರಿಗೂ ಅರ್ಧರ್ಧ ಎಂದೇ ಅಲ್ಲಿ ಹಿಡಿಯುತ್ತಾರೆ. ಆ ಕಾನೂನಿನ ಹೆಸರಿನಲ್ಲೇ ‘ಒಳ್ಳೆಯ ನೆರೆಯವರು’ ಎಂದಿದೆ!

ಹಳೇ ರೋಮಿನಲ್ಲಿ ಗಡಿಕಲ್ಲೇ ದೇವರು. ಹೆಸರು ಟರ್ಮಿನಸ್. ಪ್ರತಿ ವರ್ಷ ಫೆಬ್ರವರಿ 23ಕ್ಕೆ ಹಬ್ಬ. ಆಚೆಯವರು ಆ ಕಡೆಯಿಂದ, ಈಚೆಯವರು ಈ ಕಡೆಯಿಂದ ಬಂದು ಒಂದೇ ಕಲ್ಲಿಗೆ ಹಾರ ಹಾಕುತ್ತಿದ್ದರು. ಆಮೇಲೆ ಒಟ್ಟಿಗೆ ಊಟ!

ನಮ್ಮವರೇನು ಕಡಿಮೆಯೇ? ಗಡಿಯಲ್ಲಿ ಆಲ, ಅರಳಿ, ಮುತ್ತುಗ ನೆಡಿ ಎನ್ನುತ್ತದೆ ಮನುಸ್ಮೃತಿ. ಮರ ಸತ್ತರೆ? ಅದಕ್ಕೂ ದಾರಿಯಿದೆ. ಕಲ್ಲು, ಮೂಳೆ, ಹೊಟ್ಟು, ಬೂದಿ, ಮಡಕೆಚೂರು, ಇದ್ದಿಲುಗಳನ್ನು ನೆಲದೊಳಗೆ ಗುಟ್ಟಾಗಿ ಹೂತಿಡಬೇಕಂತೆ. ಮಣ್ಣು ಬೇಗ ತಿನ್ನದ ವಸ್ತುಗಳೇ ಆಗಬೇಕು. ಮುಂದೆ ಜಗಳ ಬಂದರೆ ಅಗೆದು ನೋಡುವುದು! ನನಗಂತೂ ಇದನ್ನು ಓದಿ ಮೈ ಜುಮ್ಮೆಂದಿತು.

ಸಾಕ್ಷಿ ಹೇಳುವವರ ವೇಷ ಇನ್ನೂ ಸೋಜಿಗ. ಕೆಂಪು ಬಟ್ಟೆ, ಕೆಂಪು ಹೂಮಾಲೆ, ತಲೆಯ ಮೇಲೆ ಮಣ್ಣು! ಹಾಗೆ ಬಂದು ಗಡಿ ತೋರಿಸಬೇಕು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಅದಕ್ಕೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಎಲ್ಲಿಯವನು ಗೊತ್ತೇ? ಚಾಲುಕ್ಯರ ಕಲ್ಯಾಣದವನು. ನಮ್ಮ ಇಂದಿನ ಬಸವಕಲ್ಯಾಣ!

ಹೊಲದ ಮೂಲೆಯ ಬಾಂದುಕಲ್ಲು ಸರ್ಕಾರದ್ದು, ನಮಗೇಕೆ ಅಂದುಕೊಂಡಿದ್ದೀರಾ? 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಅದನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ಜಮೀನು ಉಳ್ಳವರದೇ!

ಕೊನೆಯದು ನಿಮ್ಮ ಬೀರುವಿನಲ್ಲೇ ಇದೆ. ಕ್ರಯಪತ್ರ ತೆಗೆದು ‘ಚಕ್ಕುಬಂದಿ’ ಓದಿ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉತ್ತರಕ್ಕೆ, ದಕ್ಷಿಣಕ್ಕೆ ಏನು ಎಂದೆಲ್ಲ ಇರುತ್ತದೆ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಕೋರ್ಟು ಸಾಮಾನ್ಯವಾಗಿ ಹಿಡಿಯುವುದು ಚಕ್ಕುಬಂದಿಯನ್ನೇ! ಪೂರ್ವದ ಮನೆಯವರ ಪತ್ರವನ್ನೂ ಒಮ್ಮೆ ಕೇಳಿ ನೋಡಿ. ಅಲ್ಲಿ ‘ಪಶ್ಚಿಮಕ್ಕೆ’ ಎಂದು ಬರೆದಿರುವುದು ನಿಮ್ಮ ಮನೆಯನ್ನೇ!