ಜಾಮೀನು ನಿಂತ ಜನ

ಬೆಂಗಳೂರು ದಂಡು ಪ್ರದೇಶದ ಬೆನ್ಸನ್ ಟೌನ್, ಶಿವಾಜಿನಗರಗಳಲ್ಲಿ ಮಸೀದಿ, ಚರ್ಚು, ಗುಡಿಗಳಿಗೆ ಕೊರತೆಯಿಲ್ಲ. ಅವುಗಳ ಆಸರೆಯಲ್ಲಿ ಬೆಳೆದ ಧರ್ಮಸಂಸ್ಥೆಗಳೂ ಹಲವು. ಆದರೆ ದಂಡಿನಲ್ಲಿ ಬಾಳಿದ ಯಹೂದಿಗಳು ಬೆಂಗಳೂರಿನಲ್ಲಿ ಒಂದು ಸಿನಗಾಗ್ ಕೂಡ ಕಟ್ಟಲಿಲ್ಲ. ಅವರು ಬೆರಳೆಣಿಕೆಯ ಕುಟುಂಬಗಳಷ್ಟೇ. ಯಹೂದಿ ಸಂಪ್ರದಾಯದ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಸೇರಬೇಕು. ಅದೇ ಕಷ್ಟವಾದ ಕಡೆ, ತೊಂದರೆಗೆ ಸಿಕ್ಕ ಸಂಸಾರಕ್ಕೆ ಆಸರೆ ಯಾರು?

ದಾನಕ್ಕೆ ಹೀಬ್ರೂ ಭಾಷೆಯಲ್ಲಿರುವ ಮಾತು 'ತ್ಸೆದಾಕಾ'. ಅದರ ಮೂಲದಲ್ಲಿರುವುದು ನ್ಯಾಯವೆಂಬ ಅರ್ಥ. ಕೊಡುವುದು ಕೃಪೆಯಲ್ಲ, ಸಲ್ಲಿಸಬೇಕಾದ ಬಾಕಿ. ಬಸವಣ್ಣನವರ ಶತಮಾನದಲ್ಲೇ ಹುಟ್ಟಿದ ಯಹೂದಿ ಪಂಡಿತ ಮೈಮೊನಿಡೀಸ್, ಸಾಲವನ್ನೋ ಕೆಲಸವನ್ನೋ ಕೊಟ್ಟು ಒಬ್ಬನನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವುದೇ ದಾನಗಳಲ್ಲಿ ಶ್ರೇಷ್ಠವೆಂದ. ಕಾಯಕದ ಮಾತು ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸದು.

ಬೆಂಗಳೂರಿನ ಯಹೂದಿಗಳಿಗೆ ಮೊದಲು ದೊರೆತ ಸಾಮುದಾಯಿಕ ಆಸ್ತಿಯೆಂದರೆ ಮೈಸೂರು ರಸ್ತೆಯ ಸ್ಮಶಾನ. ಅದರ ಜಾಗವನ್ನು 1904ರಲ್ಲಿ ನೀಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಬಾಗ್ದಾದ್ ಮೂಲದ ರೂಬಿನ್ ಮೋಸಸ್ ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಡೆಸುತ್ತಿದ್ದ ಪಾದರಕ್ಷೆ ಅಂಗಡಿ ಊರಿಗೆಲ್ಲ ಪರಿಚಿತವಾಗಿತ್ತು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿ ಕುಟುಂಬಗಳು ಜರ್ಮನಿ ಬಿಟ್ಟು ಓಡತೊಡಗಿದವು. ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಆಹ್ವಾನದ ಮೇರೆಗೆ ಇಲ್ಲಿನ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಸೋದರಳಿಯ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾದರು. ಹೆಸರಿದ್ದವರಿಗೆ ಹುದ್ದೆ ಸಿಕ್ಕಿತು. ಹೆಸರಿಲ್ಲದವರ ಗತಿ?

ಅಂಥವರಿಗಾಗಿ 1934ರಲ್ಲಿ ಮುಂಬಯಿಯಲ್ಲಿ ಯಹೂದಿ ಪರಿಹಾರ ಸಂಘ ಹುಟ್ಟಿತು. ನಿರಾಶ್ರಿತರು ಖಜಾನೆಗೆ ಹೊರೆಯಾಗುವರೆಂಬುದು ಬ್ರಿಟಿಷ್ ಸರ್ಕಾರದ ತಕರಾರು. ಹೊರೆಯಾದರೆ ಖರ್ಚು ನಮ್ಮದು ಎಂದು ಸಂಘ ಜಾಮೀನು ನಿಂತಿತು. ಹಣ ಒದಗಿಸಿತು, ಕೆಲಸ ಹುಡುಕಿತು. 1939ರಲ್ಲಿ ಯುದ್ಧ ಶುರುವಾದಾಗ, ಹಿಟ್ಲರನಿಂದ ಪಾರಾಗಿ ಬಂದವರೇ 'ಶತ್ರು ದೇಶದವರು' ಎಂದು ಬಂಧನಕ್ಕೊಳಗಾದರು. ಅವರ ಪರವಾಗಿ ವಾದಿಸಿ ಬಿಡುಗಡೆಗೆ ಯತ್ನಿಸಿದ್ದೂ ಇದೇ ಸಂಘ.

ವೀಸಾಕ್ಕಾಗಿ ಅಲೆದ ಎಷ್ಟೋ ಕುಟುಂಬಗಳಿಗೆ ಅಂದು ಬೇಕಿದ್ದುದು ಹೊಣೆ ಹೊತ್ತು ಸಹಿ ಹಾಕುವ ಒಂದು ಕೈ. ಅದು ಸಿಗದವರಲ್ಲಿ ಅನೇಕರು ಯೂರೋಪಿನಿಂದ ಹೊರಬರಲೇ ಇಲ್ಲ.